ಕೈಗೆಟುಕುವ ಕಪಾಟು

ಬೆಂಗಳೂರಿನ ಹೊರವಲಯದ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಬೇರೆ ಕಡೆಯ ಗ್ರಂಥಾಲಯಗಳಿಗಿಂತ ಒಂದು ಹೊಣೆ ಹೆಚ್ಚು. ಪುಸ್ತಕ ಕೊಡುವುದರ ಜತೆಗೆ ಅವು ಕೂರಲು ಜಾಗವನ್ನೂ ಕೊಡಬೇಕು. ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತಲ ಪೀಜಿಗಳಲ್ಲಿ ಒಂದು ಕೋಣೆಯನ್ನು ಮೂರ್ನಾಲ್ಕು ಮಂದಿ ಹಂಚಿಕೊಳ್ಳುತ್ತಾರೆ. ಪೀಣ್ಯದ ಕಾರ್ಖಾನೆಗಳ ಹಿಂದಿನ ವಠಾರಗಳಲ್ಲಿ ಅಡುಗೆ, ನಿದ್ದೆ, ಟಿ.ವಿ., ಮಕ್ಕಳ ಹೋಂವರ್ಕು ಎಲ್ಲವೂ ಒಂದೇ ಕೋಣೆಯಲ್ಲಿ. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟ್ ಕಟ್ಟುವ ಕಾರ್ಮಿಕರ ಸಂಸಾರಗಳು ತಗಡಿನ ಶೆಡ್ಡುಗಳಲ್ಲಿವೆ. ಇಂಥ ಕಡೆ ಪರೀಕ್ಷೆಗೆ ಓದುವವರಿಗೆ ಒಂದು ಕುರ್ಚಿ, ನೆಟ್ಟಗಿನ ಬೆಳಕು, ಯಾರೂ ಎಬ್ಬಿಸದ ಎರಡು ಗಂಟೆ ಸಿಗುವುದಾದರೆ ಅದು ಗ್ರಂಥಾಲಯದಲ್ಲೇ. ಆದ್ದರಿಂದ ಇಲ್ಲಿನ ಗ್ರಂಥಾಲಯಗಳನ್ನು ನೋಡಲು ಹೋಗುವವರು ಪುಸ್ತಕಗಳ ಸಂಖ್ಯೆ ಕೇಳುವ ಮೊದಲು ಒಳಗೆ ಬಂದವರನ್ನು ಆ ಜಾಗ ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಈ ಭಾಗ ಬೆಳೆದ ಕ್ರಮವೇ ಇದಕ್ಕೆ ಕಾರಣ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ವೈಟ್‌ಫೀಲ್ಡಿಗೆ ಐಟಿಪಿಎಲ್ ಎಂಬ ಐಟಿ ಪಾರ್ಕ್ ಬಂದದ್ದು 1990ರ ದಶಕದಲ್ಲಿ. ಮೂರೂ ಕಡೆ ಮೊದಲು ಬಂದದ್ದು ಕೆಲಸ, ಆಮೇಲೆ ಮನೆಗಳು, ಅವುಗಳ ಬೆನ್ನಿಗೆ ಶಾಲೆ-ಕಾಲೇಜು. ಸಾರ್ವಜನಿಕ ವಾಚನಾಲಯದ ಸರದಿ ಎಲ್ಲಕ್ಕಿಂತ ಕೊನೆಗೆ. ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ 1915ರಿಂದ ನಡೆಯುತ್ತಿರುವ ರಾಜ್ಯ ಕೇಂದ್ರ ಗ್ರಂಥಾಲಯ ಬೆಂಗಳೂರಿನ ಹೆಮ್ಮೆ, ನಿಜ. ಆದರೆ ಕಾಡುಗೋಡಿಯ ಹುಡುಗನಿಗೆ, ಬೊಮ್ಮಸಂದ್ರದ ಹುಡುಗಿಗೆ ಅದು ದಿನವೂ ಹೋಗಿಬರುವ ದೂರದಲ್ಲಿಲ್ಲ. ಆ ಕೊರತೆಯ ಭಾರವೆಲ್ಲ ಶಾಲೆ ಮತ್ತು ಕಾಲೇಜುಗಳ ಗ್ರಂಥಾಲಯದ ಮೇಲೆ ಬಿದ್ದಿದೆ.

ಭಾರ ಹೊರಬಲ್ಲ ಸಂಸ್ಥೆಗಳಿಗೆ ಇಲ್ಲಿ ಬರವಿಲ್ಲ. ವೈಟ್‌ಫೀಲ್ಡ್ ಬದಿಯ ಚನ್ನಸಂದ್ರದಲ್ಲಿ ಎಂವಿಜೆ ಎಂಜಿನಿಯರಿಂಗ್ ಕಾಲೇಜು 1982ರಿಂದ ಇದೆ. 1999ರಲ್ಲಿ ಆರಂಭವಾದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಐಐಐಟಿ-ಬಿ ಈಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ, ಪಕ್ಕದಲ್ಲೇ ಪಿಇಎಸ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. 2010ರ ರಾಜ್ಯ ಕಾಯ್ದೆಯಿಂದ ಹುಟ್ಟಿದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸರ್ಜಾಪುರದ ಬಳಿ ಬುರುಗುಂಟೆಯಲ್ಲಿ ನೆಲೆಸಿದೆ. ಪೀಣ್ಯದಲ್ಲಿ ಯಂತ್ರ ಕೆಲಸ ಕಲಿಸುವ ಎನ್‌ಟಿಟಿಎಫ್ ಇದೆ. ಅಲ್ಲಿಂದ ಮೆಟ್ರೊದಲ್ಲಿ ಕೆಲವೇ ನಿಲ್ದಾಣ ದಾಟಿದರೆ ಯಶವಂತಪುರ, ಅದರ ಮಗ್ಗುಲಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಗ್ರಂಥಾಲಯ 1911ರಷ್ಟು ಹಿಂದಿನದು, ಈಗಿನ ಕಟ್ಟಡ 1965ರದು, ಜೆ.ಆರ್.ಡಿ. ಟಾಟಾ ಅವರ ಹೆಸರನ್ನು ಅದಕ್ಕೆ ಇಟ್ಟದ್ದು 1995ರಲ್ಲಿ. ಪಶ್ಚಿಮಕ್ಕೆ 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ. ಓಡಾಟವೂ ಈಗ ಮೊದಲಿನಷ್ಟು ಕಷ್ಟವಲ್ಲ. 2023ರ ಅಕ್ಟೋಬರ್‌ನಿಂದ ವೈಟ್‌ಫೀಲ್ಡಿನಲ್ಲಿ ಹತ್ತಿದ ನೇರಳೆ ಮಾರ್ಗದ ರೈಲಿನಲ್ಲೇ ಕೂತು ಜ್ಞಾನಭಾರತಿಯಲ್ಲಿ ಇಳಿಯಬಹುದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಎಲೆಕ್ಟ್ರಾನಿಕ್ ಸಿಟಿಯೂ ಮೆಟ್ರೊ ನಕ್ಷೆಗೆ ಸೇರಿತು.

ಬೆಂಗಳೂರಲ್ಲಿ ಬಾಳಿದ ಗುರು

ಗ್ರಂಥಾಲಯಗಳನ್ನು ನೋಡಿ ಕಲಿಯುವುದಕ್ಕೆ ನಮ್ಮಲ್ಲಿ ದೊಡ್ಡ ಮೇಲ್ಪಂಕ್ತಿ ಇದೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಹೊಸ ಕೆಲಸ ಕಲಿಯಲು ಲಂಡನ್ನಿಗೆ ಹೋದರು. ಅಲ್ಲಿ ತರಗತಿಗಿಂತ ಹೆಚ್ಚಾಗಿ ಅವರಿಗೆ ಪಾಠ ಹೇಳಿದ್ದು ಇಂಗ್ಲೆಂಡಿನ ಊರೂರಿನ ಗ್ರಂಥಾಲಯಗಳು. ಕ್ರಾಯ್ಡನ್ ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ಒಂದೊಂದೇ ಗ್ರಂಥಾಲಯಕ್ಕೆ ಹೋಗಿ, ಕೂತು, ಜನ ಹೇಗೆ ಒಳಗೆ ಬರುತ್ತಾರೆ, ಪುಸ್ತಕ ಹೇಗೆ ಕೈಗೆ ಸಿಗುತ್ತದೆ, ಮಕ್ಕಳಿಗೆ, ಹೆಂಗಸರಿಗೆ, ಕೂಲಿ ಮಾಡುವವರಿಗೆ ಅಲ್ಲಿ ಏನಿದೆ ಎಂದು ಗಮನಿಸಿದರು. ಆ ತಿರುಗಾಟದ ಫಲ 1931ರಲ್ಲಿ ಹೊರಬಂದ ಅವರ ಪಂಚಸೂತ್ರಗಳ ಗ್ರಂಥ. ಪುಸ್ತಕ ಇರುವುದು ಬಳಕೆಗೆ; ಪ್ರತಿ ಓದುಗನಿಗೂ ಅವನ ಪುಸ್ತಕ; ಪ್ರತಿ ಪುಸ್ತಕಕ್ಕೂ ಅದರ ಓದುಗ; ಓದುಗನ ಸಮಯ ಉಳಿಸಬೇಕು; ಗ್ರಂಥಾಲಯ ಬೆಳೆಯುವ ಜೀವಿ. ಇಷ್ಟೇ ಅವುಗಳ ತಾತ್ಪರ್ಯ.

ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. ಇಲ್ಲಿಯೇ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ತೆರೆದರು. ಮೈಸೂರು ರಸ್ತೆಯಲ್ಲಿರುವ ಆ ಕೇಂದ್ರ ಈಗಲೂ ಗ್ರಂಥಪಾಲಕರನ್ನು ತಯಾರು ಮಾಡುತ್ತಿದೆ. 1965ರಲ್ಲಿ ಮೈಸೂರು ರಾಜ್ಯ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ನು ತಂದದ್ದೂ ಅವರು ಇಲ್ಲಿದ್ದ ಕಾಲದಲ್ಲೇ. 1972ರ ಸೆಪ್ಟೆಂಬರ್ 27ರಂದು ಅವರು ತೀರಿಕೊಂಡದ್ದೂ ಈ ಊರಿನಲ್ಲಿ. ಗ್ರಂಥಾಲಯ ವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಈ ಸಂಗತಿ ಉಳಿದ ಬೆಂಗಳೂರಿಗರಿಗೆ ಗೊತ್ತಿರುವುದು ಕಡಿಮೆ. ವಿಶ್ವೇಶ್ವರಯ್ಯನವರ ಹೆಸರು ಹೇಳುವ ಉಸಿರಿನಲ್ಲೇ ಈ ಊರು ರಂಗನಾಥನ್ ಹೆಸರನ್ನೂ ಹೇಳಬೇಕಿತ್ತು.

ಅವರ ಮೊದಲ ಸೂತ್ರವನ್ನು ಓದಿದರೆ ಅಚ್ಚರಿಯಾಗುತ್ತದೆ. ಪುಸ್ತಕದ ಬಳಕೆ ಎಂಬ ಮಾತಿನಡಿ ಅವರು ಚರ್ಚಿಸುವುದು ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಪೀಠೋಪಕರಣ ಹೇಗಿರಬೇಕು, ಸಿಬ್ಬಂದಿ ಎಂಥವರಾಗಿರಬೇಕು ಎಂಬುದನ್ನು. ಯುರೋಪಿನಲ್ಲಿ ಒಂದು ಕಾಲಕ್ಕೆ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದ ಪದ್ಧತಿಯಿಂದ ಆರಂಭಿಸಿ, ಆ ಸರಪಳಿ ಕಳಚಿದ ಮೇಲೂ ಕಾಪಾಡುವ ಬುದ್ಧಿ ಹೇಗೆ ಉಳಿಯಿತು ಎಂದು ವಿವರಿಸುತ್ತಾರೆ. ಕಪಾಟಿನ ಎತ್ತರಕ್ಕೂ ಅವರದೊಂದು ಅಳತೆ ಇದೆ: ಸಾಮಾನ್ಯ ಎತ್ತರದ ವ್ಯಕ್ತಿ ಬರಿ ನೆಲದ ಮೇಲೆ ನಿಂತು ಕೈ ಚಾಚಿದರೆ ಮೇಲಿನ ಸಾಲಿನ ಪುಸ್ತಕ ಸಿಗಬೇಕು. ಏಣಿ, ಸ್ಟೂಲು ಬೇಕಾಯಿತೆಂದರೆ ಆ ಕಪಾಟು ಸೂತ್ರ ತಪ್ಪಿತು. ಗ್ರಂಥಾಲಯ ನೋಡಲು ಹೋಗುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇರೆ ಇಲ್ಲ.

ಶಾಲೆಯ ಬೀರು

ಈ ಅಳತೆಯನ್ನು ಪ್ರಾಥಮಿಕ ಶಾಲೆಗೆ ಒಯ್ದರೆ ತೊಡಕು ಎಲ್ಲಿದೆ ಎಂದು ಕೂಡಲೇ ತಿಳಿಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ಪುಸ್ತಕ ಇಡಲು ಸಾಮಾನ್ಯವಾಗಿ ಇರುವುದು ಕಬ್ಬಿಣದ ಬೀರು. ಅದರ ಎತ್ತರ ಸುಮಾರು ಆರೂವರೆ ಅಡಿ, ಕಚೇರಿಯ ಕಡತಕ್ಕೆಂದು ಮಾಡಿದ್ದು. ಒಂದನೇ ತರಗತಿಯ ಮಗುವಿನ ಎತ್ತರ ಸುಮಾರು 110ರಿಂದ 115 ಸೆಂ.ಮೀ. ಮೇಲಿನ ಖಾನೆಗಳು ಮಗುವಿನ ಕೈಗೂ ಕಣ್ಣಿಗೂ ದೂರ. ಬಾಗಿಲು ಕಬ್ಬಿಣದ್ದಾದ್ದರಿಂದ ಒಳಗೇನಿದೆ ಎಂಬುದೂ ಕಾಣದು. ಬೀಗದ ಕೈ ಮುಖ್ಯಶಿಕ್ಷಕರ ಮೇಜಿನ ಡ್ರಾಯರಿನಲ್ಲಿ. ಪುಸ್ತಕ ಶಾಲೆಯಲ್ಲಿದೆ, ಆದರೆ ಮಗುವಿನ ಲೋಕದಲ್ಲಿಲ್ಲ.

ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಚಿಕ್ಕ ಮಕ್ಕಳ ಚಿತ್ರಪುಸ್ತಕಗಳು ಹದಿನಾರು, ಇಪ್ಪತ್ತನಾಲ್ಕು ಪುಟದವು. ನಡುವೆ ಎರಡು ಪಿನ್ನು ಹೊಡೆದು ಮಡಚಿದವು. ಅವಕ್ಕೆ ಬೆನ್ನೇ ಇಲ್ಲ. ದೊಡ್ಡವರ ಪುಸ್ತಕದಂತೆ ನಿಲ್ಲಿಸಿ ಜೋಡಿಸಿದರೆ ಹೆಸರು ಕಾಣದೆ, ಬರಿ ಕಾಗದದ ಅಂಚುಗಳ ಸಾಲಾಗಿ ಬಿಡುತ್ತವೆ. ನೂರು ಪುಸ್ತಕ ಇಟ್ಟರೂ ಮಗುವಿಗೆ ಒಂದೂ ಕಾಣುವುದಿಲ್ಲ. ಇವುಗಳ ಜಾಗ ಮುಖಪುಟ ಎದುರಿಗೆ ಕಾಣುವ ತಗ್ಗು ಹಲಗೆ, ಬುಟ್ಟಿ, ಇಲ್ಲವೇ ಹಗ್ಗ. ಕಿಟಕಿಯ ಸರಳಿನಿಂದ ಕಿಟಕಿಯ ಸರಳಿಗೆ ನೈಲಾನ್ ಹಗ್ಗ ಕಟ್ಟಿ, ಪುಸ್ತಕವನ್ನು ನಡುವಿನ ಪುಟಕ್ಕೆ ಬಿಡಿಸಿ ನೇತುಹಾಕಿ, ಬಟ್ಟೆಯ ಕ್ಲಿಪ್ಪು ಹಾಕುವ ಪದ್ಧತಿ ನಮ್ಮ ಅನೇಕ ಸರ್ಕಾರಿ ಶಾಲೆಗಳಲ್ಲಿ ಇದೆ. ಇದಕ್ಕೆ ಖರ್ಚೇ ಇಲ್ಲವೆನ್ನಬಹುದು. ಮಗು ತನ್ನ ಕಣ್ಣಿನ ಮಟ್ಟದಲ್ಲಿ ಆನೆಯನ್ನೋ ಲಾರಿಯನ್ನೋ ಕಂಡು, ಎಳೆದುಕೊಂಡು, ಜಮಖಾನದ ಮೇಲೆ ಕೂತುಬಿಡುತ್ತದೆ. ಲಕ್ಷಗಟ್ಟಲೆ ಸುರಿದು ಮಾಡಿದ ಮರದ ಕಪಾಟಿಗಿಂತ ಈ ಹಗ್ಗ ಎಷ್ಟೋ ಮೇಲು.

ಇಂಥ ಬುದ್ಧಿ ನಮಗೆ ಹೊಸದೂ ಅಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿ ಪದ್ಧತಿ ತರಗತಿಯ ಕೋಣೆಯನ್ನೇ ಮಗುವಿನ ಅಳತೆಗೆ ತಂದಿತ್ತು. ಗೋಡೆಯ ಕೆಳಭಾಗದಲ್ಲಿ ಮಕ್ಕಳೇ ಬರೆಯುವ ಕರಿಹಲಗೆ, ತಲೆಯ ಮೇಲೆ ಅವರು ಮಾಡಿದ ಚಿತ್ರ, ಅಕ್ಷರಗಳನ್ನು ತೂಗಿಬಿಡುವ ಚಪ್ಪರ, ನೆಲದ ಮೇಲೆ ಗುಂಪುಗುಂಪಾಗಿ ಕೂರುವ ಕ್ರಮ. ನಲಿ-ಕಲಿ ಕೋಣೆಯನ್ನು ಕಂಡ ಶಿಕ್ಷಕರಿಗೆ ಗ್ರಂಥಾಲಯ ಹೇಗಿರಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಕಾನೂನೂ ಶಾಲೆಯ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕತೆಪುಸ್ತಕ ಇರಬೇಕು ಎನ್ನುತ್ತದೆ. ಕತೆಪುಸ್ತಕವನ್ನು ಕಾಯ್ದೆ ಹೆಸರಿಟ್ಟು ಹೇಳಿದೆ ಎಂಬುದನ್ನು ಗಮನಿಸಬೇಕು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗೆ ಅದರ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಮೊತ್ತ ದೊಡ್ಡದಲ್ಲ, ಆದರೆ ತೆಳು ಚಿತ್ರಪುಸ್ತಕಗಳು ಅಗ್ಗದಲ್ಲಿ ಸಿಗುವುದರಿಂದ ಒಂದು ಶಾಲೆಗೆ ಆರಂಭ ಮಾಡಲು ಸಾಕು.

ಹಾಗಿದ್ದೂ ಬೀರುವಿಗೆ ಬೀಗ ಯಾಕೆ? ಶಿಕ್ಷಕರನ್ನು ದೂರುವುದು ಸರಿಯಲ್ಲ. ಬಹುತೇಕ ಸರ್ಕಾರಿ ಪ್ರಾಥಮಿಕ, ಪ್ರೌಢಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ಪಾಠ, ಬಿಸಿಯೂಟ, ಗಣತಿ, ದಾಖಲಾತಿ ಎಲ್ಲದರ ನಡುವೆ ಒಬ್ಬ ಶಿಕ್ಷಕರಿಗೆ ಪುಸ್ತಕದ ಉಸ್ತುವಾರಿಯನ್ನೂ ವಹಿಸಿರುತ್ತಾರೆ. ಒಂದು ಪುಸ್ತಕ ಕಳೆದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರು ಅವರೇ. ಪುಸ್ತಕ ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಕೊಟ್ಟು ಕಳೆದರೆ ಎಲ್ಲರೂ ಕೇಳುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಬೀಗ ಬೀಳುವುದು ಸಹಜ. ಆದರೆ ಸರ್ಕಾರಿ ಲೆಕ್ಕದ ನಿಯಮಗಳೇ ಇದಕ್ಕೆ ದಾರಿ ತೋರಿಸಿವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆ, ಅಲಕ್ಷ್ಯ ಇರಬಾರದು ಅಷ್ಟೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಗ್ರಂಥಗಳ ವಿಷಯದಲ್ಲಿ ಮಾತ್ರ ವಿಚಾರಣೆ ಕಡ್ಡಾಯ. ಕೇಂದ್ರದ ಸಂಸ್ಥೆಗಳಿಗೆ ಮಾಡಿದ ಈ ನಿಯಮದ ನೀತಿಯನ್ನು ಪ್ರತಿ ಸರ್ಕಾರಿ ಶಾಲೆಗೂ ಸ್ಪಷ್ಟ ಸುತ್ತೋಲೆಯಾಗಿ ತಲುಪಿಸಿದರೆ ಎಷ್ಟೋ ಬೀರುಗಳ ಬೀಗ ಒಂದೇ ದಿನದಲ್ಲಿ ತೆರೆಯುತ್ತದೆ. ಕೈಯಿಂದ ಕೈಗೆ ಹೋಗಿ ಹರಿದ ಪುಸ್ತಕ ತನ್ನ ಕೆಲಸ ಮುಗಿಸಿರುತ್ತದೆ; ಅದಕ್ಕಾಗಿ ಶಿಕ್ಷಕರ ಸಂಬಳಕ್ಕೆ ಕೈಹಾಕುವುದು ಅನ್ಯಾಯ.

ಯಾವ ಭಾಷೆಯ ಪುಸ್ತಕ

ಹೊರವಲಯದ ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ಓದಿದರೆ ಅರ್ಧ ಭಾರತವೇ ಕಾಣುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಮಕ್ಕಳ ಪಕ್ಕದಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ, ಒಡಿಯಾ, ಬಂಗಾಳಿ ಆಡುವ ಮಕ್ಕಳು. ಮೂರನೇ ತರಗತಿಯಲ್ಲಿದ್ದರೂ ಕನ್ನಡ ಅಕ್ಷರವನ್ನು ಈಗಷ್ಟೇ ಕೂಡಿಸಿ ಓದುವ ಮಗು ಇರುತ್ತದೆ. ಅದರ ಕೈಗೆ ತರಗತಿಯ ಲೆಕ್ಕದಲ್ಲಿ ಪುಸ್ತಕ ಕೊಟ್ಟರೆ ಅದು ಮುಚ್ಚಿಡುತ್ತದೆ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ರೀಡಿಂಗ್ ಫೌಂಡೇಷನ್ ಇದಕ್ಕೆ ಕಂಡುಕೊಂಡ ಉಪಾಯ ಬಣ್ಣದ್ದು. ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ವಿಂಗಡಿಸಿ ಚೀಟಿ ಅಂಟಿಸುವುದು, ಮಗುವಿನ ಓದನ್ನು ಪರೀಕ್ಷಿಸಿ ಯಾವ ಬಣ್ಣದಿಂದ ಶುರು ಮಾಡಬೇಕೆಂದು ಹೇಳುವುದು. ಆರನೇ ತರಗತಿಯ ಹುಡುಗ ಹಸಿರು ಪುಸ್ತಕ ತೆಗೆದುಕೊಂಡರೂ ನಾಚಬೇಕಾಗಿಲ್ಲ, ಏಕೆಂದರೆ ಅದರ ಮೇಲೆ ತರಗತಿಯ ಹೆಸರಿಲ್ಲ. ಮಗುವಿನ ಮಾನ ಕಾಯುವ ಇಂಥ ಏರ್ಪಾಟೂ ಬರಮಾಡಿಕೊಳ್ಳುವುದರ ಒಂದು ಭಾಗ.

ಪುಸ್ತಕ ಸಿಗುವುದಿಲ್ಲ ಎಂಬ ದೂರಿಗೆ ಈಗ ಬಲವಿಲ್ಲ. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ ಕನ್ನಡದಲ್ಲೂ ದ್ವಿಭಾಷೆಯಲ್ಲೂ ಚಿತ್ರಪುಸ್ತಕ ತರುತ್ತಿದೆ. ಅದು 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದ ಕತೆಗಳನ್ನು ಯಾವ ಶಾಲೆಯಾದರೂ ಹಣ ಕೊಡದೆ ಇಳಿಸಿಕೊಂಡು ಮುದ್ರಿಸಬಹುದು, ಅನುವಾದ ಮಾಡಿಯೂ ಬಳಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕದ ಮಕ್ಕಳ ಪುಸ್ತಕಗಳಿವೆ. ರಾಷ್ಟ್ರೋತ್ಥಾನದ ಭಾರತ ಭಾರತಿ ಮಾಲೆಯ 510 ಕಿರುಹೊತ್ತಗೆಗಳು ಒಂದು ತಲೆಮಾರಿನ ಕನ್ನಡಿಗರ ಬಾಲ್ಯವನ್ನೇ ತುಂಬಿದ್ದವು. ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಹಳೆಯ ಪ್ರೌಢಶಾಲೆಗಳ ಬೀರುಗಳಲ್ಲಿ ಇನ್ನೂ ಇರಬಹುದು. ಕಂಡರೆ ಹೊರಗೆ ತೆಗೆದು ಮೇಜಿನ ಮೇಲಿಡಲು ಹೇಳಬೇಕು.

ಐಟಿ ಕಂಪನಿಗಳ ನೆರವಿನ ಬಗ್ಗೆ ಒಂದು ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ದೊಡ್ಡ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ಖರ್ಚು ಮಾಡಬೇಕೆನ್ನುತ್ತದೆ. ಈ ವಲಯದ ಶಾಲೆಗಳ ಗ್ರಂಥಾಲಯ ಕೋಣೆಗಳಿಗೆ ಬಣ್ಣ, ಬೆಂಚು, ಫ್ಯಾನು ಬಂದದ್ದರಲ್ಲಿ ಆ ಹಣದ ಪಾಲು ದೊಡ್ಡದು, ಅದಕ್ಕೆ ಕೃತಜ್ಞರಾಗಿರಬೇಕು. ಆದರೆ ಪೆಟ್ಟಿಗೆಗಟ್ಟಲೆ ಬರುವ ಹಳೆಯ ಇಂಗ್ಲಿಷ್ ಕಾದಂಬರಿಗಳು, ತೀರಿದ ಪ್ರವೇಶ ಪರೀಕ್ಷೆಗಳ ಗೈಡುಗಳು ಸರ್ಕಾರಿ ಪ್ರಾಥಮಿಕ ಶಾಲೆಗೆ ಭಾರವೇ ಹೊರತು ಪುಸ್ತಕವಲ್ಲ. ಕೊಡುವವರು ಮೊದಲು ಶಿಕ್ಷಕರನ್ನು ಕೇಳಿ, ಕನ್ನಡದ ಹೊಸ ಪುಸ್ತಕ ಕೊಂಡು ಕೊಡಬೇಕು.

ವಿಶ್ವವಿದ್ಯಾಲಯದ ಓದುಕೋಣೆ

ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯದಲ್ಲಿ ನೋಡಬೇಕಾದ್ದು ಬೇರೆ. ಬಾಗಿಲಲ್ಲೇ ಬ್ಯಾಗಿಡುವ ಕೌಂಟರು, ಟೋಕನ್ನು, ಸಹಿ ಹಾಕುವ ರಿಜಿಸ್ಟರು ಇಲ್ಲವೇ ಐ.ಡಿ. ಕಾರ್ಡು ತೋರಿಸುವ ಯಂತ್ರ. ಈ ಕೌಂಟರಿನಲ್ಲಿ ಕೂತವರು ಬಂದವರೊಡನೆ ಮಾತಾಡುವ ರೀತಿಯಲ್ಲೇ ಆ ಗ್ರಂಥಾಲಯದ ಸ್ವಭಾವದ ಅರ್ಧ ತಿಳಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ, ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎಂಬ ಅಳುಕಿನಿಂದಲೇ ವಾಪಸು ಹೋಗುವುದುಂಟು. ‘ಏನಮ್ಮಾ, ಯಾವ ಪುಸ್ತಕ ಬೇಕಿತ್ತು?’ ಎಂಬ ಒಂದು ಮಾತು ಆ ಅಳುಕನ್ನು ಕಳೆಯುತ್ತದೆ.

ಒಳಗೆ ಹೋದ ಮೇಲೆ ಆಸನಗಳ ಜೋಡಣೆ. ಪಠ್ಯ ಓದುವವರಿಗೆ ಮೌನ ಬೇಕು, ಪ್ರಾಜೆಕ್ಟ್ ಮಾಡುವ ತಂಡಕ್ಕೆ ಮಾತಾಡುವ ಜಾಗ ಬೇಕು, ಗೇಟ್, ಕೆಪಿಎಸ್‌ಸಿ, ಯುಪಿಎಸ್‌ಸಿ ಪರೀಕ್ಷೆಗೆ ಕೂರುವವರಿಗೆ ಸ್ವಂತ ಪುಸ್ತಕ ಒಳಗೆ ತರಲು ಅನುಮತಿ ಬೇಕು. ಈ ಮೂರಕ್ಕೂ ಬೇರೆಬೇರೆ ಮೂಲೆ ಕೊಟ್ಟ ಗ್ರಂಥಾಲಯ ತುಂಬಿರುತ್ತದೆ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ‘ಮೌನವಾಗಿರಿ’ ಎಂಬ ಫಲಕ ತಗುಲಿಹಾಕಿದ ಕಡೆ ಮೌನವಿರುತ್ತದೆ, ಜನವಿರುವುದಿಲ್ಲ. ಲ್ಯಾಪ್‌ಟಾಪಿಗೆ ಪ್ಲಗ್ ಪಾಯಿಂಟ್, ಕುಡಿಯುವ ನೀರು, ಹತ್ತಿರದಲ್ಲೇ ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಹುಡುಗಿಯರು ಹೆಚ್ಚು ಹೊತ್ತು ಕೂರುವುದಿಲ್ಲ ಎಂಬುದನ್ನು ಕಟ್ಟಡ ಕಟ್ಟುವವರು ಮರೆಯುತ್ತಾರೆ. ಸಂಜೆ ಮುಚ್ಚುವ ವೇಳೆಗೂ ಕೊನೆಯ ಬಸ್ಸಿನ ವೇಳೆಗೂ ಹೊಂದಿಕೆ ಇರಬೇಕು. ಗಾಲಿಕುರ್ಚಿ ಹೋಗುವ ಇಳಿಜಾರು, ಎರಡು ರ‍್ಯಾಕ್‌ಗಳ ನಡುವೆ ಅದು ತಿರುಗುವಷ್ಟು ಜಾಗ ಕೂಡ ಬೇಕು. ದೃಷ್ಟಿ ಇಲ್ಲದ ಓದುಗರಿಗೆ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಂಥ ಆನ್‌ಲೈನ್ ಭಂಡಾರವಿದೆ. ಅದನ್ನು ಬಳಸಲು ಕಲಿಸುವ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಬೇಕು.

ಡಿಜಿಟಲ್ ಸಂಗ್ರಹದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ 6,000 ಕೋಟಿ ರೂಪಾಯಿಯ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಇ-ನಿಯತಕಾಲಿಕಗಳು ತೆರೆದುಕೊಂಡಿವೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಲ್ಲಿ ಇಂಗ್ಲಿಷಿನ ಬೋಧನ ಸಾಮಗ್ರಿ ಕನ್ನಡ, ಹಿಂದಿಗಳಲ್ಲಿ ಸಿಗುತ್ತದೆ. ಪರದೆಯ ಮೇಲೆ ಇಷ್ಟೆಲ್ಲ ಬಂದ ಮೇಲೂ ವಿದ್ಯಾರ್ಥಿ ಗ್ರಂಥಾಲಯಕ್ಕೆ ಬರುವುದು ಮೇಜು, ಗಾಳಿ, ಬೆಳಕು ಮತ್ತು ಪಕ್ಕದಲ್ಲಿ ಇನ್ನೊಬ್ಬರು ಓದುತ್ತಿದ್ದಾರೆಂಬ ಧೈರ್ಯಕ್ಕಾಗಿ.

ಪಕ್ಕದ ಅರಿವು ಕೇಂದ್ರ

ಶಾಲೆಯಲ್ಲ, ವಿಶ್ವವಿದ್ಯಾಲಯವೂ ಅಲ್ಲ, ಆದರೆ ಶಾಲಾ ಮಕ್ಕಳೇ ಹೆಚ್ಚಾಗಿ ಬರುವ ಇನ್ನೊಂದು ಜಾಗವನ್ನು ಇಲ್ಲಿ ಸೇರಿಸಲೇಬೇಕು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. 2020ರ ನವೆಂಬರ್‌ನಲ್ಲಿ, ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ರಾಜ್ಯದ 5,600ಕ್ಕೂ ಹೆಚ್ಚು ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಿಂದ ಆನೇಕಲ್ ತಾಲ್ಲೂಕಿನ ಹಳ್ಳಿಗಳ ಕಡೆ ತಿರುಗಿದರೆ ಇಂಥ ಕೇಂದ್ರಗಳು ಸಿಗುತ್ತವೆ. ಗೋಡೆಗೆ ಚಿತ್ರ, ನೆಲಕ್ಕೆ ಚಾಪೆ, ಚೆಸ್ಸು, ಕೇರಂ, ಒಂದು ಕಂಪ್ಯೂಟರು, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುವ ಮೇಲ್ವಿಚಾರಕಿ. ಶಾಲೆ ಬಿಟ್ಟ ಮೇಲೆ ಕೆಲಸದಿಂದ ಅಪ್ಪ-ಅಮ್ಮ ಬರುವವರೆಗೆ ಮಕ್ಕಳಿಗೆ ಅದೇ ಮನೆ. ಕಡಿಮೆ ಸಂಬಳಕ್ಕೆ ಇಷ್ಟು ಕೆಲಸ ಮಾಡುವ ಈ ಮೇಲ್ವಿಚಾರಕರೇ ಕರ್ನಾಟಕದ ಗ್ರಂಥಾಲಯ ವ್ಯವಸ್ಥೆಯ ಬೆನ್ನೆಲುಬು.

ನೋಡಲು ಹೋಗುವವರಿಗೆ

ಶಾಲೆಗೆ ಹೋಗಬೇಕಾದರೆ ಮುಖ್ಯಶಿಕ್ಷಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕು. ಪಾಠದ ಹೊತ್ತಿನಲ್ಲಿ ಹೋಗಬಾರದು, ಮಕ್ಕಳ ಫೋಟೊ ತೆಗೆಯಬಾರದು. ಕಾಲೇಜಿಗೆ ಗ್ರಂಥಪಾಲಕರ ಹೆಸರಿಗೇ ಪತ್ರ ಬರೆದರೆ ಒಳ್ಳೆಯದು. ತಮ್ಮ ಕೆಲಸ ನೋಡಲು ಯಾರೋ ಬರುತ್ತಾರೆಂದರೆ ಖುಷಿಪಡುವ ಗ್ರಂಥಪಾಲಕರೇ ಹೆಚ್ಚು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವಾರದಲ್ಲಿ ಹೋದರೆ ಎಲ್ಲ ಗ್ರಂಥಾಲಯಗಳೂ ಚೆನ್ನಾಗಿಯೇ ಇರುತ್ತವೆ. ಸಾಮಾನ್ಯವಾದ ಒಂದು ಮಂಗಳವಾರ ಮಧ್ಯಾಹ್ನ ಹೋಗಬೇಕು.

ಹೋದಾಗ ಒಂದು ಪುಸ್ತಕ ತೆಗೆದು ಕೊನೆಯ ಪುಟ ನೋಡಬೇಕು. ಅಲ್ಲಿ ಅಂಟಿಸಿದ ಚೀಟಿಯಲ್ಲಿ ಹಿಂತಿರುಗಿಸಬೇಕಾದ ದಿನಾಂಕಗಳ ಮೊಹರು ಸಾಲಾಗಿ ಬಿದ್ದಿರುತ್ತದೆ. ಕೆಲವು ಪುಸ್ತಕಗಳಲ್ಲಿ ಚೀಟಿ ತುಂಬಿ, ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಕೆಲವುದರಲ್ಲಿ ಕೊಂಡ ವರ್ಷದ ಪ್ರವೇಶ ಸಂಖ್ಯೆ ಬಿಟ್ಟರೆ ಬೇರೇನೂ ಇಲ್ಲ. ಕೋಹಾ, ಇ-ಗ್ರಂಥಾಲಯದಂಥ ತಂತ್ರಾಂಶ ಬಂದ ಕಡೆ ಈ ಚೀಟಿ ಮಾಯವಾಗಿದ್ದರೂ ಕಳೆದ ತಿಂಗಳು ಎಷ್ಟು ಪುಸ್ತಕ ಎರವಲು ಹೋದವು ಎಂಬ ಲೆಕ್ಕ ಒಂದು ಕ್ಷಣದಲ್ಲಿ ಸಿಗುತ್ತದೆ. ಒಟ್ಟು ಸಂಗ್ರಹದ ಸಂಖ್ಯೆಗಿಂತ ಈ ಸಂಖ್ಯೆಯನ್ನೇ ಕೇಳಬೇಕು.

ಹೊರವಲಯದ ಕ್ಯಾಂಪಸ್‌ಗಳ ಆಡಳಿತ ಮಂಡಳಿಗಳಿಗೆ ಒಂದು ಕೋರಿಕೆ ಉಳಿಯುತ್ತದೆ. ಪ್ರತಿ ಕಾಲೇಜು, ವಿಶ್ವವಿದ್ಯಾಲಯ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯ ಮಕ್ಕಳಿಗೆ ಶನಿವಾರ ಮಧ್ಯಾಹ್ನ ತನ್ನ ಓದುಕೋಣೆ ತೆರೆದಿಡಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮುಂಚಿನ ಮೂರು ತಿಂಗಳು ಸಂಜೆಯ ಹೊತ್ತೂ ತೆರೆಯಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಪ್ರಾಂಶುಪಾಲರು ಮತ್ತು ಮುಖ್ಯಶಿಕ್ಷಕರು ಕೂತು ಮಾಡಿಕೊಳ್ಳುವ ಒಂದು ಪುಟದ ಒಪ್ಪಂದ, ಗೇಟಿನ ಕಾವಲುಗಾರರಿಗೆ ಒಂದು ಸೂಚನೆ ಸಾಕು. ಎಸ್‌ಡಿಎಂಸಿ ಸದಸ್ಯರು ಮೊದಲ ಪತ್ರವನ್ನು ಈ ಶೈಕ್ಷಣಿಕ ವರ್ಷದಲ್ಲೇ ಬರೆಯಬೇಕು.